ಹಾರ್ಡಿಯ ನಾಡಿನ ಪಟ್ಟಣಗಳು

ಮನೆ ಕಟ್ಟಿಸಿದ ಅನುಭವವುಳ್ಳವರೆಲ್ಲ ಇಂಗ್ಲೆಂಡಿನ ಒಂದು ಸ್ಥಳದ ಹೆಸರನ್ನು ಬಲ್ಲರು. ಅದು ಸ್ಥಳವೊಂದರ ಹೆಸರೆಂಬುದು ಮಾತ್ರ ಎಷ್ಟೋ ಮಂದಿಗೆ ತಿಳಿದಿರಲಾರದು. ಸಿಮೆಂಟಿನ ಚೀಲದ ಮೇಲೆ ‘ಪೋರ್ಟ್‌ಲ್ಯಾಂಡ್’ ಎಂದು ಅಚ್ಚಾಗಿರುತ್ತದೆಯಲ್ಲ, ಅದೇ. ಇಂಗ್ಲಿಷ್ ಸಾಹಿತ್ಯವನ್ನು ಓದಿದವರು ಇನ್ನೊಂದು ಹೆಸರನ್ನೂ ಬಲ್ಲರು: ಕ್ಯಾಸ್ಟರ್‌ಬ್ರಿಜ್. ಕುಡಿದ ಅಮಲಿನಲ್ಲಿ ಹೆಂಡತಿಯನ್ನು ಮಾರಿಬಿಟ್ಟ ಹೆಂಚರ್ಡ್ ಎಂಬ ಕೂಲಿಯವನು ಮುಂದೆ ಮೇಯರ್ ಪದವಿಗೇರಿದ ಊರು ಅದು. ಪೋರ್ಟ್‌ಲ್ಯಾಂಡನ್ನು ಭೂಪಟದಲ್ಲಿ ಕಾಣಬಹುದು. ಕ್ಯಾಸ್ಟರ್‌ಬ್ರಿಜ್ ಯಾವ ಭೂಪಟದಲ್ಲೂ ಇಲ್ಲ. ಆದರೂ ಇವೆರಡೂ ಒಂದೇ ಸೀಮೆಗೆ ಸೇರಿದವು. ಆ ಸೀಮೆಯೇ ಡಾರ್ಸೆಟ್ ಕೌಂಟಿ.

ಡಾರ್ಸೆಟ್ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಇಂಗ್ಲಿಷ್ ಕಾಲುವೆಯ ದಂಡೆಯ ಮೇಲಿದೆ. ವಿಸ್ತೀರ್ಣ ಸುಮಾರು 2,650 ಚದರ ಕಿಲೋಮೀಟರು. ಕಾದಂಬರಿಕಾರ ಥಾಮಸ್ ಹಾರ್ಡಿ 1840ರಲ್ಲಿ ಇಲ್ಲಿಯೇ ಹುಟ್ಟಿದ. ಪ್ರಾಚೀನ ಸ್ಯಾಕ್ಸನ್ ರಾಜ್ಯವೊಂದರ ಹೆಸರಾದ ‘ವೆಸೆಕ್ಸ್’ ಎಂಬುದನ್ನು ಎತ್ತಿ ತಂದು ತನ್ನ ಕಥೆಗಳ ನಾಡಿಗೆ ಇಟ್ಟ. ಬಳಿಕ ತಾನು ಬಲ್ಲ ಪಟ್ಟಣಗಳಿಗೆಲ್ಲ ಮರುನಾಮಕರಣ ಮಾಡಿದ. ಡಾರ್ಚೆಸ್ಟರ್ ಕ್ಯಾಸ್ಟರ್‌ಬ್ರಿಜ್ ಆಯಿತು. ವೇಮತ್ ಬಡ್‌ಮತ್ ಆಯಿತು. ಶಾಫ್ಟ್ಸ್‌ಬರಿ ಶಾಸ್ಟನ್, ಬ್ರಿಡ್‌ಪೋರ್ಟ್ ಪೋರ್ಟ್ ಬ್ರೆಡಿ, ಪೂಲ್ ಹೇವನ್‌ಪೂಲ್, ಬೋರ್ನ್‌ಮತ್ ಸ್ಯಾಂಡ್‌ಬೋರ್ನ್ ಆದವು. ಈ ಹೆಸರುಗಳು ಎಷ್ಟು ಬಲವಾಗಿ ನೆಲೆನಿಂತವೆಂದರೆ, ಹಾರ್ಡಿಯನ್ನು ಕಾಲೇಜಿನಲ್ಲಿ ಪಾಠವಾಗಿ ಓದಿದ ನಮ್ಮಂಥವರಿಗೆ ನಿಜವಾದ ಊರಿಗಿಂತ ಕಲ್ಪನೆಯ ಊರೇ ಹೆಚ್ಚು ಪರಿಚಿತ.

ಕಾವ್ಯಕ್ಕೆ ಇದು ಹೆಮ್ಮೆಯ ಸಂಗತಿ. ಆದರೆ ಊರಿನ ಪಾಲಿಗೆ ಇದರಲ್ಲಿ ಒಂದು ತೊಡಕುಂಟು. ಪ್ರಸಿದ್ಧವಾದ ಕಥೆ ಒಂದು ತೆರೆಯಂತೆ ಊರಿನ ಮೇಲೆ ಹರಡಿಕೊಳ್ಳುತ್ತದೆ. ಅದರ ಹಿಂದೆ ದುಡಿದು ಬಾಳಿದ ಜನ ಮರೆಯಾಗುತ್ತಾರೆ. ಆದ್ದರಿಂದ ನಾನು ಈ ಪಟ್ಟಣಗಳನ್ನು ಕುರಿತು ಹೇಳುವಾಗ ಒಂದೊಂದರ ಮುಂದೆಯೂ ಒಂದೇ ಪ್ರಶ್ನೆಯನ್ನಿಡುತ್ತೇನೆ: ಈ ಊರು ಏನು ಮಾಡಿ ಅನ್ನ ಉಂಡಿತು? ಆ ಕಸುಬು ಹೋದ ಮೇಲೆ ಅದರ ಗತಿ ಏನಾಯಿತು?

ಮೊದಲು ನೆಲದ ಮಾತು. ಡಾರ್ಸೆಟ್ಟಿನ ನಡುವೆ ಸೀಮೆಸುಣ್ಣದ ಬೆಟ್ಟಗಳ ಸಾಲು ಹಾದುಹೋಗಿದೆ. ಅದು ಕುರಿಗಳ ಮೇವಿನ ನೆಲ. ಉತ್ತರಕ್ಕೆ ಜೇಡಿಯ ಕಣಿವೆ. ಅಲ್ಲಿ ಹುಲ್ಲು ಸಮೃದ್ಧ, ಹಾಲು ಬೆಣ್ಣೆಯ ಸೀಮೆ. ಆಗ್ನೇಯಕ್ಕೆ ಕುರುಚಲು ಬೆಳೆದ ಬಂಜರು ಬಯಲು. ಹಾರ್ಡಿಯ ಎಗ್ಡನ್ ಹೀತ್ ಅದರಿಂದಲೇ ಮೂಡಿದ್ದು. ದಕ್ಷಿಣಕ್ಕೆಲ್ಲ ಕಡಲು. ಇಲ್ಲಿ ಕಲ್ಲಿದ್ದಲು ಇಲ್ಲ, ಕಬ್ಬಿಣದ ಅದಿರಿನ ದೊಡ್ಡ ಗಣಿಗಳಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಹಳ್ಳಿಗಳು ಹೊಗೆಕೊಳವೆಗಳ ಮಹಾನಗರಗಳಾದಾಗ ಡಾರ್ಸೆಟ್ ಇದ್ದಂತೆಯೇ ಇತ್ತು. ಇಂದಿಗೂ ಈ ಕೌಂಟಿಯಲ್ಲಿ ‘ಸಿಟಿ’ ಎಂಬ ರಾಜಮಾನ್ಯ ಪದವಿ ಪಡೆದ ಊರು ಒಂದೂ ಇಲ್ಲ. ಮೋಟಾರು ಹೆದ್ದಾರಿಯೆಂದು ಇಂಗ್ಲೆಂಡಿನವರು ಕರೆಯುವ ವಿಶಾಲ ರಸ್ತೆಯೂ ಇಲ್ಲ. ಇರುವುದೆಲ್ಲ ಪೇಟೆಗಳು, ಬಂದರುಗಳು, ಅವುಗಳನ್ನು ಹೆಣೆದ ಹಳ್ಳಿಗಳು.

ಕೌಂಟಿಯ ಮುಖ್ಯಪಟ್ಟಣ ಡಾರ್ಚೆಸ್ಟರ್. ರೋಮನರು ಇದನ್ನು ಡರ್ನೊವೇರಿಯ ಎಂದು ಕರೆದರು. ಅವರು ಕಟ್ಟಿದ ಕೋಟೆಗೋಡೆ ಇದ್ದ ಸಾಲಿನಲ್ಲಿ ಇಂದು ಮರಗಳ ನೆರಳಿನ ಕಾಲುದಾರಿಗಳಿವೆ. ಊರಿನ ಎಲ್ಲೆಯನ್ನು ನಡೆದೇ ಅಳೆಯಬಹುದು. ಊರಾಚೆ ಮಾಂಬರಿ ರಿಂಗ್ಸ್ ಎಂಬ ಮಣ್ಣಿನ ಬಳಸುದಿಣ್ಣೆಯಿದೆ. ಶಿಲಾಯುಗದವರು ಕಟ್ಟಿದ ಆ ಆವರಣವನ್ನು ರೋಮನರು ತಮ್ಮ ರಂಗಸ್ಥಳ ಮಾಡಿಕೊಂಡರು; ಹದಿನೇಳನೆಯ ಶತಮಾನದ ಅಂತರ್ಯುದ್ಧದಲ್ಲಿ ಅದೇ ತೋಪಿನ ದಿಬ್ಬವಾಯಿತು. ಹೆಂಚರ್ಡ್ ತಾನು ಮಾರಿದ ಹೆಂಡತಿಯನ್ನು ಎಷ್ಟೋ ವರ್ಷದ ಮೇಲೆ ಗುಟ್ಟಾಗಿ ಕಂಡದ್ದು ಇಂಥ ಸ್ಥಳದಲ್ಲಿ ಎಂದು ಹಾರ್ಡಿ ಬರೆದಿದ್ದಾನೆ.

ಡಾರ್ಚೆಸ್ಟರಿನ ಕಸುಬೆಂದರೆ ಸಂತೆ ಮತ್ತು ನ್ಯಾಯಾಲಯ. ಸುತ್ತಣ ಹಳ್ಳಿಗಳ ಧಾನ್ಯ, ಕುರಿ, ದನ ಇಲ್ಲಿಗೆ ಬರಬೇಕು. ಸುತ್ತಣ ಹಳ್ಳಿಗಳ ಅಪರಾಧಿಗಳೂ ಇಲ್ಲಿಗೇ ಬರಬೇಕು. 1834ರ ಮಾರ್ಚಿನಲ್ಲಿ ಟಾಲ್ಪಡಲ್ ಎಂಬ ಹಳ್ಳಿಯ ಆರು ಮಂದಿ ಕೃಷಿಕೂಲಿಗಳನ್ನು ಇಲ್ಲಿಯ ಷೈರ್ ಹಾಲಿನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಅವರ ವಾರದ ಕೂಲಿ ಒಂಬತ್ತು ಷಿಲಿಂಗಿನಿಂದ ಇಳಿಯುತ್ತ ಏಳಕ್ಕೆ ಬಂದಿತ್ತು; ಆರಕ್ಕೆ ಇಳಿಯುವುದೆಂಬ ಬೆದರಿಕೆಯೂ ಇತ್ತು. ಅದನ್ನು ತಡೆಯಲು ಅವರು ಸಂಘ ಕಟ್ಟಿದರು. ಸಂಘ ಕಟ್ಟುವುದು ಆಗ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆದ್ದರಿಂದ ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ಆರೋಪ ಹೊರಿಸಿ, ನೌಕಾಸೈನಿಕರ ದಂಗೆಯ ಕಾಲದಲ್ಲಿ ಮಾಡಿದ್ದ 1797ರ ಶಾಸನವೊಂದನ್ನು ಹುಡುಕಿ ತೆಗೆದು, ಏಳು ವರ್ಷಗಳ ದ್ವೀಪಾಂತರ ಶಿಕ್ಷೆ ವಿಧಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ದೇಶದಲ್ಲೆಲ್ಲ ಪ್ರತಿಭಟನೆ ಎದ್ದಿತು. 1836ರಲ್ಲಿ ಸರ್ಕಾರ ಅವರನ್ನು ಕ್ಷಮಿಸಬೇಕಾಯಿತು. ಹಿಂತಿರುಗಿದ ಮೇಲೆ ಆರರಲ್ಲಿ ಐವರು ಕೆನಡಾಕ್ಕೆ ವಲಸೆ ಹೋದರು. ಜೇಮ್ಸ್ ಹ್ಯಾಮೆಟ್ ಎಂಬುವನೊಬ್ಬ ಮಾತ್ರ ಹಳ್ಳಿಯಲ್ಲೇ ಉಳಿದ. ಅವನು 1891ರಲ್ಲಿ ಸತ್ತದ್ದು ಡಾರ್ಚೆಸ್ಟರಿನ ಅನಾಥಾಲಯದಲ್ಲಿ. ಹಾರ್ಡಿಯ ‘ಟೆಸ್’ ಪುಸ್ತಕವಾಗಿ ಹೊರಬಂದದ್ದೂ ಅದೇ ವರ್ಷ.

ಇದನ್ನು ಹೇಳಿದ್ದು ಹಾರ್ಡಿಯನ್ನು ತಗ್ಗಿಸುವುದಕ್ಕಲ್ಲ. ಡಾರ್ಸೆಟ್ಟಿನ ಕೂಲಿಯವರ ಬದುಕನ್ನು ಕುರಿತು 1883ರಲ್ಲಿ ಪ್ರಬಂಧವನ್ನೇ ಬರೆದವನು ಆತ. ಕೂಲಿಯವರನ್ನೆಲ್ಲ ಒಂದೇ ಅಚ್ಚಿನ ದಡ್ಡರೆಂದು ಚಿತ್ರಿಸುತ್ತಿದ್ದ ಪಟ್ಟಣಿಗರಿಗೆ, ಹತ್ತಿರ ಹೋಗಿ ನೋಡಿದರೆ ಅವರಲ್ಲಿ ಒಬ್ಬನಂತೆ ಇನ್ನೊಬ್ಬನಿಲ್ಲವೆಂದು ತೋರಿಸಿಕೊಟ್ಟ. ವಾಸ್ತುಶಿಲ್ಪಿಯಾಗಿ ತರಬೇತಾಗಿದ್ದ ಹಾರ್ಡಿ ಡಾರ್ಚೆಸ್ಟರಿನ ಅಂಚಿನಲ್ಲಿ ಮ್ಯಾಕ್ಸ್ ಗೇಟ್ ಎಂಬ ಮನೆಯನ್ನು ತಾನೇ ರೂಪಿಸಿ 1885ರಿಂದ 1928ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದ. ಆತನ ಚಿತಾಭಸ್ಮ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಹೋಯಿತು. ಹೃದಯವನ್ನು ಮಾತ್ರ ಊರಿನ ಪಕ್ಕದ ಸ್ಟಿನ್ಸ್‌ಫರ್ಡ್ ಚರ್ಚಿನಂಗಳದಲ್ಲಿ ಮಣ್ಣು ಮಾಡಿದರು.

ಡಾರ್ಚೆಸ್ಟರಿನ ನಡುಬೀದಿಯಲ್ಲಿ ಇನ್ನೊಬ್ಬ ಕವಿಯ ಪ್ರತಿಮೆಯಿದೆ: ವಿಲಿಯಂ ಬಾರ್ನ್ಸ್. 1801ರಿಂದ 1886ರವರೆಗೆ ಬದುಕಿದ್ದ ಈ ಪಾದ್ರಿ ಡಾರ್ಸೆಟ್ಟಿನ ಹಳ್ಳಿಯ ನುಡಿಯಲ್ಲಿಯೇ ಕವಿತೆ ಬರೆದವನು. ಲ್ಯಾಟಿನ್ ಮೂಲದ ಪದಗಳನ್ನು ಬಿಟ್ಟು ಸ್ಯಾಕ್ಸನ್ ಬೇರಿನ ಪದಗಳಿಂದಲೇ ಇಂಗ್ಲಿಷನ್ನು ಕಟ್ಟಬಹುದೆಂದು ಆತ ಹಟ ಹಿಡಿದ. ವ್ಯಾಕರಣಕ್ಕೂ ‘ನುಡಿಗೆಯ್ಮೆ’ ಎಂಬಂಥ ಅರ್ಥದ ಅಚ್ಚ ಇಂಗ್ಲಿಷ್ ಮಾತನ್ನು ಬಳಸಿದ. ಸಂಸ್ಕೃತವನ್ನು ಬೆರೆಸದೆ ಕಾವ್ಯ ಬರೆದ ನಮ್ಮ ಆಂಡಯ್ಯನನ್ನು ಓದಿದವರಿಗೆ ಈ ಹಟ ಅಪರಿಚಿತವಲ್ಲ.

ಡಾರ್ಚೆಸ್ಟರಿನಿಂದ ದಕ್ಷಿಣಕ್ಕೆ ಹದಿಮೂರು ಕಿಲೋಮೀಟರು ಹೋದರೆ ವೇಮತ್. 1348ರಲ್ಲಿ ಇಂಗ್ಲೆಂಡನ್ನು ಹೊಕ್ಕ ಮಹಾಮಾರಿ ಕಾಲಿಟ್ಟದ್ದು ಇಲ್ಲಿಯ ಮೆಲ್ಕಂಬ್ ಬಂದರಿನಲ್ಲಿ ಎಂದು ಅಂದಿನ ಚರಿತ್ರಕಾರರು ಬರೆದಿಟ್ಟಿದ್ದಾರೆ. ರೋಗ ಬಂದ ಕಡಲಿನಿಂದಲೇ ನಾಲ್ಕೂವರೆ ಶತಮಾನಗಳ ತರುವಾಯ ಊರಿಗೆ ಆರೋಗ್ಯದ ಕೀರ್ತಿಯೂ ಬಂತು. 1789ರಲ್ಲಿ ಮೂರನೆಯ ಜಾರ್ಜ್ ದೊರೆ ಚಿತ್ತವಿಕಾರದ ಕಾಯಿಲೆಯಿಂದ ಚೇತರಿಸಿಕೊಂಡು ಸಮುದ್ರಸ್ನಾನಕ್ಕೆಂದು ಇಲ್ಲಿಗೆ ಬಂದ. ಗಾಲಿಯ ಮೇಲಿನ ಪೆಟ್ಟಿಗೆಮನೆಯಿಂದ ದೊರೆ ನೀರಿಗಿಳಿದು ತಲೆ ಮುಳುಗಿಸಿದ ಕೂಡಲೆ ಪಕ್ಕದ ಪೆಟ್ಟಿಗೆಮನೆಯಲ್ಲಿ ಅಡಗಿದ್ದ ವಾದ್ಯಗಾರರು ರಾಜಗೀತೆಯನ್ನು ನುಡಿಸಿದರೆಂದು ಆಸ್ಥಾನದಲ್ಲಿದ್ದ ಲೇಖಕಿ ಫ್ಯಾನಿ ಬರ್ನಿ ಬರೆದಿದ್ದಾಳೆ. ಅಂದಿನಿಂದ ಕಡಲಸ್ನಾನವೇ ವೇಮತ್ತಿನ ಕಸುಬಾಯಿತು.

ವೇಮತ್ತಿನಿಂದ ಮುಂದಕ್ಕೆ, ಸಣ್ಣಕಲ್ಲುಗಳ ಸಹಜವಾದ ಏರಿಯೊಂದು ನೆಲಕ್ಕೆ ಕಟ್ಟಿಹಾಕಿರುವ ದ್ವೀಪವೇ ಪೋರ್ಟ್‌ಲ್ಯಾಂಡ್. ಇಡೀ ದ್ವೀಪ ಬಿಳಿಯ ಸುಣ್ಣಕಲ್ಲಿನ ಬಂಡೆ. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದ ಮೇಲೆ ಕ್ರಿಸ್ಟಫರ್ ರೆನ್ ಸೇಂಟ್ ಪಾಲ್ಸ್ ಮಹಾಮಂದಿರವನ್ನು ಕಟ್ಟಿದ್ದು ಈ ಕಲ್ಲಿನಿಂದ. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರಿಗಾಗಿ ಲಂಡನ್ನಿನಲ್ಲಿ 1920ರಲ್ಲಿ ನಿಲ್ಲಿಸಿದ ಸ್ಮಾರಕವೂ ಇದೇ ಕಲ್ಲಿನದು. 1824ರಲ್ಲಿ ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ ಎಂಬುವನು ಹೊಸ ಬಗೆಯ ಸಿಮೆಂಟಿಗೆ ಪೇಟೆಂಟ್ ಪಡೆದಾಗ, ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡಿನ ಕಲ್ಲನ್ನು ಹೋಲುತ್ತದೆಂದು ಆ ಹೆಸರಿಟ್ಟ. ನಮ್ಮ ಚೀಲಗಳ ಮೇಲೆ ಉಳಿದಿರುವುದು ಹೀಗೆ ಒಂದು ಹೋಲಿಕೆ ಮಾತ್ರ. ಆ ದ್ವೀಪದ ಮಣ್ಣು ಒಂದು ಹಿಡಿಯೂ ಅದರಲ್ಲಿಲ್ಲ. ಪೋರ್ಟ್‌ಲ್ಯಾಂಡಿನ ಹಳಬರು ಮೊಲದ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ. ಮೊಲ ಬಿಲ ತೋಡಿದರೆ ಗಣಿಯ ಕಲ್ಲು ಸಡಿಲವಾಗುತ್ತದೆ, ಕೆಳಗಿದ್ದವನ ಮೇಲೆ ಬೀಳುತ್ತದೆ ಎಂಬ ಭಯದಿಂದ ಹುಟ್ಟಿದ ನಿಷೇಧವದು. ಲಂಡನ್ನಿನ ಭವ್ಯ ಕಟ್ಟಡಗಳನ್ನು ನೋಡುವಾಗ ನನಗೆ ಈ ಮೊಲ ನೆನಪಾಗುತ್ತದೆ.

ವೇಮತ್ತಿನಿಂದ ಕಡಲದಂಡೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಬ್ರಿಡ್‌ಪೋರ್ಟ್ ಸಿಗುತ್ತದೆ. ಅದರ ಕಸುಬು ಹಗ್ಗ. ಸುತ್ತಲಿನ ಹೊಲಗಳಲ್ಲಿ ಸೆಣಬು, ಅಗಸೆ ಚೆನ್ನಾಗಿ ಬೆಳೆಯುತ್ತಿದ್ದವು. 1213ರಲ್ಲಿ ಜಾನ್ ದೊರೆ ತನ್ನ ಹಡಗುಗಳಿಗೆ ಸಾಧ್ಯವಾದಷ್ಟು ಹಗ್ಗವನ್ನು ಹಗಲಿರುಳೂ ಹೊಸೆಯಬೇಕೆಂದು ಈ ಊರಿಗೆ ಅಪ್ಪಣೆ ಕಳಿಸಿದ್ದ. ಬ್ರಿಡ್‌ಪೋರ್ಟಿನ ಬೀದಿಗಳು ವಿಶಾಲ. ಹೊಸೆದ ಹುರಿಯನ್ನು ಉದ್ದಕ್ಕೆ ಎಳೆದು ಹರಡಬೇಕಾಗಿತ್ತು. ಗಲ್ಲಿಗೆ ಹಾಕುವ ಹಗ್ಗವೂ ಇಲ್ಲಿಯದೇ ಆಗಿದ್ದರಿಂದ ಗಲ್ಲಿಗೇರಿದವನನ್ನು ಕುರಿತು, ಅವನು ‘ಬ್ರಿಡ್‌ಪೋರ್ಟಿನ ಕಠಾರಿ’ಯ ಇರಿತದಿಂದ ಸತ್ತ ಎಂದು ಜನ ಹೇಳುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಊರೂರು ತಿರುಗಿ ವಿವರ ಬರೆದುಕೊಂಡ ಜಾನ್ ಲೆಲೆಂಡ್ ಎಂಬ ವಿದ್ವಾಂಸನು ಈ ಮಾತನ್ನು ಅಕ್ಷರಶಃ ನಂಬಿ, ಬ್ರಿಡ್‌ಪೋರ್ಟಿನಲ್ಲಿ ಒಳ್ಳೆಯ ಕಠಾರಿಗಳು ತಯಾರಾಗುತ್ತವೆ ಎಂದು ದಾಖಲೆ ಮಾಡಿಬಿಟ್ಟ. ಊರನ್ನು ಪುಸ್ತಕದಿಂದ ತಿಳಿಯುವವರಿಗೆಲ್ಲ ಇದೊಂದು ಎಚ್ಚರಿಕೆ. ಹಗ್ಗದ ಹಡಗುಗಳ ಕಾಲ ಮುಗಿದ ಮೇಲೂ ಈ ಊರು ತನ್ನ ಕೈಚಳಕವನ್ನು ಬಿಡಲಿಲ್ಲ. ಹುರಿಯಿಂದ ಬಲೆಗೆ ತಿರುಗಿತು. ಬಲೆ ಹೆಣೆಯುವ ಉದ್ದಿಮೆ ಇಂದಿಗೂ ಅಲ್ಲಿದೆ.

ಬ್ರಿಡ್‌ಪೋರ್ಟಿನ ಆಚೆ, ಕೌಂಟಿಯ ಪಶ್ಚಿಮದ ತುದಿಯಲ್ಲಿ ಲೈಮ್ ರೀಜಿಸ್. ಬಾಗಿದ ತೋಳಿನಂತೆ ಕಡಲಿಗೆ ಚಾಚಿದ ‘ಕಾಬ್’ ಎಂಬ ಕಲ್ಲಿನ ಒಡ್ಡು ಅದರ ಗುರುತು. ಜೇನ್ ಆಸ್ಟೆನಳ ‘ಪರ್ಸುಯೇಷನ್’ ಕಾದಂಬರಿಯಲ್ಲಿ ಲೂಯಿಸಾ ಜಾರಿಬೀಳುವುದು ಈ ಒಡ್ಡಿನ ಮೆಟ್ಟಿಲಲ್ಲಿ. ಜಾನ್ ಫೌಲ್ಸ್ 1969ರ ತನ್ನ ಕಾದಂಬರಿಯಲ್ಲಿ ಫ್ರೆಂಚ್ ಲೆಫ್ಟಿನೆಂಟನ ಪ್ರೇಯಸಿಯನ್ನು ನಿಲ್ಲಿಸಿದ್ದೂ ಇದರ ತುದಿಯಲ್ಲೇ. 1685ರಲ್ಲಿ ಸಿಂಹಾಸನವನ್ನು ಬಯಸಿ ಬಂದ ಮನ್ಮತ್ ಡ್ಯೂಕನು ಇದೇ ದಂಡೆಯಲ್ಲಿ ಇಳಿದ. ಅವನನ್ನು ನಂಬಿ ಹಿಂದೆ ಹೋದ ರೈತರು, ನೇಯ್ಗೆಯವರು ಸೋತ ಮೇಲೆ ಜೆಫ್ರಿಸ್ ಎಂಬ ನ್ಯಾಯಾಧೀಶನು ಡಾರ್ಚೆಸ್ಟರಿನಲ್ಲಿ ಕುಳಿತು ಗಲ್ಲಿನ ತೀರ್ಪುಗಳನ್ನು ಕೊಟ್ಟ. ಆದರೆ ಲೈಮಿನ ನಿಜವಾದ ನಾಯಕಿ ಒಬ್ಬ ಬಡ ಬಡಗಿಯ ಮಗಳು. ಮೇರಿ ಆನಿಂಗ್ 1799ರಲ್ಲಿ ಹುಟ್ಟಿದಳು. ಕುಸಿಯುವ ಕಡಲಬಂಡೆಗಳಲ್ಲಿ ಪಳೆಯುಳಿಕೆಗಳನ್ನು ಹೆಕ್ಕಿ ಪ್ರವಾಸಿಗಳಿಗೆ ಮಾರುವುದು ಅವಳ ಮನೆಯ ಹೊಟ್ಟೆಪಾಡು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಅವಳೂ ಅವಳ ಅಣ್ಣನೂ ಮೀನನ್ನು ಹೋಲುವ ಮಹಾಸರೀಸೃಪದ ಅಸ್ಥಿಪಂಜರವನ್ನು ಹೊರತೆಗೆದರು. 1823ರಲ್ಲಿ ಅವಳು ಉದ್ದ ಕೊರಳಿನ ಇನ್ನೊಂದು ಪ್ರಾಣಿಯ ಪೂರ್ಣ ಪಂಜರವನ್ನು ಕಂಡುಹಿಡಿದಳು. ವಿದ್ವಾಂಸರು ಅವಳಿಂದ ಕೊಂಡು ಪ್ರಬಂಧ ಬರೆದರು. ಲಂಡನ್ನಿನ ಭೂವಿಜ್ಞಾನ ಸಂಘವಾದರೋ 1919ರವರೆಗೂ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲೇ ಇಲ್ಲ. ಆನಿಂಗ್ 1847ರಲ್ಲಿಯೇ ತೀರಿಹೋಗಿದ್ದಳು. ಈ ಕಡಲತೀರ 2001ರಿಂದ ವಿಶ್ವಪರಂಪರೆಯ ತಾಣ. ಅವಳ ಪ್ರತಿಮೆ ಊರಿನಲ್ಲಿ ಎದ್ದುನಿಂತದ್ದು 2022ರಲ್ಲಿ.

ಕಡಲನ್ನು ಬಿಟ್ಟು ಉತ್ತರದ ಗಡಿಗೆ ಹೋದರೆ ಎರಡು ಮಠದೂರುಗಳು ಇವೆ: ಶೆರ್ಬೋರ್ನ್ ಮತ್ತು ಶಾಫ್ಟ್ಸ್‌ಬರಿ. ಎಂಟನೆಯ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ, ಎರಡಕ್ಕೂ ಒಂದೇ ಕೇಡು ಬಂತು. ಶೆರ್ಬೋರ್ನಿನ ಜನ ಮರುವರ್ಷವೇ ಹಣ ಹೊಂದಿಸಿ ಮಠದ ಚರ್ಚನ್ನು ತಮ್ಮ ಊರಿನದಾಗಿ ಕೊಂಡುಕೊಂಡರು. ಬೀಸಣಿಗೆಯಂತೆ ಕಲ್ಲು ಅರಳಿರುವ ಅದರ ಒಳಮಾಳಿಗೆ ಇಂದಿಗೂ ಇಂಗ್ಲೆಂಡಿನ ಸೊಬಗುಗಳಲ್ಲಿ ಒಂದು. ಶಾಫ್ಟ್ಸ್‌ಬರಿಯಲ್ಲಿ ಆಲ್‌ಫ್ರೆಡ್ ದೊರೆ ಸ್ಥಾಪಿಸಿ, ಮಗಳನ್ನೇ ಮೊದಲ ಒಡತಿಯನ್ನಾಗಿ ಮಾಡಿದ್ದ ಸಂನ್ಯಾಸಿನಿಯರ ಮಠವಿತ್ತು. ಅದರ ಕಲ್ಲುಗಳನ್ನು ಕಿತ್ತು ಸಾಗಿಸಿದರು. ಈಗ ಉಳಿದಿರುವುದು ಹುಲ್ಲಿನ ನಡುವಿನ ಅಡಿಪಾಯ.

ಶಾಫ್ಟ್ಸ್‌ಬರಿ ಬೆಟ್ಟದ ನೆತ್ತಿಯ ಮೇಲಿನ ಊರು. ನೋಟ ಬಹು ಸೊಗಸು, ಹಿಂದೆ ನೀರು ಮಾತ್ರ ಇರಲಿಲ್ಲ. ಕೆಳಗಿನ ಎನ್ಮೋರ್ ಗ್ರೀನ್ ಎಂಬ ಹಳ್ಳಿಯ ಬುಗ್ಗೆಗಳಿಂದ ಹೊತ್ತು ತರಬೇಕಾಗಿತ್ತು. ಆ ನೀರಿನ ಹಕ್ಕಿಗಾಗಿ ಊರಿನವರು ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಇಳಿದುಹೋಗಿ ಕೆಳಗಿನ ಜಹಗೀರಿನವರಿಗೆ ಒಂದು ಕರುವಿನ ತಲೆ, ಒಂದು ಗ್ಯಾಲನ್ ಏಲ್ ಮದ್ಯ, ಎರಡು ರೊಟ್ಟಿ, ಒಂದು ಜೊತೆ ಕೈಚೀಲಗಳನ್ನು ಕಾಣಿಕೆ ಒಪ್ಪಿಸುತ್ತಿದ್ದರು. ಈ ಪದ್ಧತಿ 1830ರವರೆಗೆ ನಡೆಯಿತು.

ಮಠ ಹೋದ ಮೇಲೆ ಊರನ್ನು ಹಿಡಿದು ನಿಲ್ಲಿಸಿದ ಕಸುಬುಗಳಲ್ಲಿ ಒಂದು ಬಹು ಚಿಕ್ಕ ವಸ್ತುವಿನದು: ಅಂಗಿಯ ಗುಂಡಿ. 1622ರಲ್ಲಿ ಏಬ್ರಹಾಂ ಕೇಸ್ ಎಂಬುವನು ಇಲ್ಲಿ ಗುಂಡಿ ಮಾಡುವ ಕಸುಬನ್ನು ಆರಂಭಿಸಿದ. ಟಗರಿನ ಕೊಂಬಿನ ಬಿಲ್ಲೆಯ ಮೇಲೆ, ಮುಂದೆ ತಂತಿಯ ಉಂಗುರದ ಮೇಲೆ, ದಾರವನ್ನು ಸುತ್ತಿ ಸೂಜಿಯಿಂದ ಹೆಣೆಯುವ ಕೆಲಸ. ಶಾಫ್ಟ್ಸ್‌ಬರಿಯಿಂದ ದಕ್ಷಿಣದ ಬ್ಲ್ಯಾಂಡ್‌ಫರ್ಡಿನವರೆಗೂ ಹಳ್ಳಿಹಳ್ಳಿಯ ಹೆಂಗಸರು, ಮಕ್ಕಳು ಮನೆಯಲ್ಲೇ ಕುಳಿತು ಇದನ್ನು ಮಾಡಿದರು. ಹೊಲದ ಕೂಲಿಗಿಂತ ಇದು ಮೇಲು. ಮಳೆಯಲ್ಲಿ ನೆನೆಯಬೇಕಾಗಿರಲಿಲ್ಲ, ಮಗುವನ್ನು ಕಣ್ಣೆದುರೇ ಇಟ್ಟುಕೊಳ್ಳಬಹುದಾಗಿತ್ತು. ಗುಂಡಿ ತಯಾರಿಸುವ ಯಂತ್ರ ಬಂತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಜನ ಬೆರಗಿನಿಂದ ನೋಡಿದರು. ಅದಾದ ಕೆಲವೇ ವರ್ಷಗಳಲ್ಲಿ ಡಾರ್ಸೆಟ್ಟಿನ ಕೈಗುಂಡಿಯ ಕಸುಬು ನೆಲಕಚ್ಚಿತು. ಎಷ್ಟೋ ಕುಟುಂಬಗಳು ಹಡಗು ಹತ್ತಿ ದೂರದೇಶಗಳಿಗೆ ಹೋದವು. ಎರಡು ಶತಮಾನಗಳಿಗೂ ಹೆಚ್ಚು ಕಾಲ ಒಂದು ಸೀಮೆಯ ಅನ್ನವಾಗಿದ್ದದ್ದು ಒಂದು ತಲೆಮಾರಿನ ಒಳಗೇ ನೆನಪಾಯಿತು.

ಇಂದು ಶಾಫ್ಟ್ಸ್‌ಬರಿ ಇಂಗ್ಲೆಂಡಿಗೆಲ್ಲ ಗೊತ್ತಿರುವುದು ಗೋಲ್ಡ್ ಹಿಲ್ ಎಂಬ ಕಡಿದಾದ ಕಲ್ಲುಹಾಸಿನ ಬೀದಿಯಿಂದ. 1973ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ರೊಟ್ಟಿಯ ಜಾಹೀರಾತಿನ ಚಿತ್ರವೊಂದರಲ್ಲಿ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ಈ ಏರನ್ನು ಹತ್ತುತ್ತಾನೆ. ನೋಡಿದ ಎಷ್ಟೋ ಮಂದಿ ಇದು ಉತ್ತರ ಇಂಗ್ಲೆಂಡಿನ ಯಾವುದೋ ಊರೆಂದೇ ಭಾವಿಸಿದರು. ಇಲ್ಲಿ ಹಾರ್ಡಿಯ ತೆರೆಯ ಮೇಲೆ ಇನ್ನೊಂದು ತೆರೆ.

ಬ್ಲ್ಯಾಂಡ್‌ಫರ್ಡ್ 1731ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಗಿ, ಜಾನ್ ಮತ್ತು ವಿಲಿಯಂ ಬ್ಯಾಸ್ಟರ್ಡ್ ಎಂಬ ಸೋದರರ ಕೈಯಲ್ಲಿ ಒಂದೇ ಕಾಲದಲ್ಲಿ ಮತ್ತೆ ಕಟ್ಟಲ್ಪಟ್ಟ ಪಟ್ಟಣ. ಆದ್ದರಿಂದ ಅದರ ಬೀದಿಗಳಿಗೆ ಒಂದೇ ಮುಖಭಾವವುಂಟು.

ಇನ್ನು ಆಗ್ನೇಯದ ಮೂಲೆ. ಪೂಲ್ ಜಗತ್ತಿನ ದೊಡ್ಡ ಸಹಜ ಬಂದರುಗಳಲ್ಲಿ ಒಂದು. ಹದಿನೆಂಟನೆಯ ಶತಮಾನದಲ್ಲಿ ಅದರ ಐಶ್ವರ್ಯವೆಲ್ಲ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿನದು. ಪೂಲಿನ ಹಡಗುಗಳು ಉಪ್ಪು, ಬಟ್ಟೆ, ಬಲೆಗಳನ್ನು ತುಂಬಿಕೊಂಡು ಅಲ್ಲಿಗೆ ಹೋಗುತ್ತಿದ್ದವು; ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಸ್ಪೇನ್, ಪೋರ್ಚುಗಲ್, ಇಟಲಿಗಳಿಗೆ ಒಯ್ದು ಮಾರುತ್ತಿದ್ದವು; ಅಲ್ಲಿಂದ ದ್ರಾಕ್ಷಾರಸ, ಎಣ್ಣೆ, ಒಣಹಣ್ಣುಗಳನ್ನು ಹೇರಿಕೊಂಡು ಮನೆಗೆ ಮರಳುತ್ತಿದ್ದವು. ವರ್ತಕರು ಕಟ್ಟಿಸಿದ ದೊಡ್ಡ ಮನೆಗಳು ಹಳೆಯ ಊರಿನಲ್ಲಿ ಇಂದಿಗೂ ನಿಂತಿವೆ. ನೆಪೋಲಿಯನ್ನನ ಯುದ್ಧ ನಡೆದಷ್ಟು ಕಾಲ ಎದುರಾಳಿಗಳಿರಲಿಲ್ಲ. 1815ರಲ್ಲಿ ಶಾಂತಿ ಬಂದೊಡನೆ ಫ್ರೆಂಚರು, ಅಮೆರಿಕದವರು ಮೀನಿನ ಕಡಲಿಗೆ ಮರಳಿದರು, ಪೂಲಿನ ವರ್ತಕರು ದಿವಾಳಿಯಾದರು. ಯುದ್ಧದಿಂದ ಊರು ಕೆಡುವುದನ್ನು ಬಲ್ಲೆವು. ಶಾಂತಿಯಿಂದ ಕೆಟ್ಟ ಊರು ಇದು. ಹಾರ್ಡಿಯ ಸಣ್ಣಕಥೆಯೊಂದರಲ್ಲಿ, ನೆರೆಯವಳ ಸಿರಿವಂತಿಕೆಯನ್ನು ಸಹಿಸಲಾರದ ಹೆಂಗಸೊಬ್ಬಳು ಗಂಡನನ್ನೂ ಇಬ್ಬರು ಮಕ್ಕಳನ್ನೂ ಹಡಗು ಹತ್ತಿಸಿ ಕಳಿಸುತ್ತಾಳೆ. ಅವರು ಮರಳುವುದಿಲ್ಲ, ಅವಳು ರಾತ್ರಿಗಳಲ್ಲಿ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಎದ್ದು ಬರುತ್ತಾಳೆ. ಆ ಕಥೆಯ ಊರು ಹೇವನ್‌ಪೂಲ್.

ಪೂಲಿಗೆ ಅಂಟಿಕೊಂಡಂತೆಯೇ ಇರುವ ಬೋರ್ನ್‌ಮತ್ ಈ ಪಟ್ಟಣಗಳಲ್ಲೆಲ್ಲ ಕಿರಿಯದು, ಗಾತ್ರದಲ್ಲಿ ಹಿರಿಯದು. 1810ರಲ್ಲಿ ಲೂಯಿಸ್ ಟ್ರೆಗಾನ್‌ವೆಲ್ ಎಂಬ ಸೈನ್ಯಾಧಿಕಾರಿ ಬರಿಯ ಕುರುಚಲು ಬಯಲಿನಲ್ಲಿ ಮನೆ ಕಟ್ಟಲು ಜಾಗ ಕೊಂಡದ್ದೇ ಅದರ ಆರಂಭ. ಪೈನ್ ಮರದ ಗಾಳಿ ಕ್ಷಯಕ್ಕೆ ಒಳ್ಳೆಯದೆಂಬ ನಂಬಿಕೆ ಹರಡಿತು. 1870ರಲ್ಲಿ ರೈಲು ಬಂತು. ಊರು ಅಣಬೆಯಂತೆ ಎದ್ದಿತು. ಕಾಯಿಲೆಯ ಶ್ವಾಸಕೋಶದ ಸ್ಟೀವನ್‌ಸನ್ 1884ರಿಂದ ಮೂರು ವರ್ಷ ಇಲ್ಲಿದ್ದು ‘ಜೆಕಿಲ್ ಮತ್ತು ಹೈಡ್’ ಬರೆದ. ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲಿಯ ಸಮಾಧಿ ಇಲ್ಲಿಯ ಸೇಂಟ್ ಪೀಟರ್ಸ್ ಚರ್ಚಿನಲ್ಲಿದೆ. ಬೋರ್ನ್‌ಮತ್ ಮೊದಲಿಗೆ ಡಾರ್ಸೆಟ್ಟಿನದಲ್ಲ. 1974ರಲ್ಲಿ ಹ್ಯಾಂಪ್‌ಷೈರ್ ಕೌಂಟಿಯಿಂದ ಇತ್ತ ಬಂದದ್ದು. 2019ರಲ್ಲಿ ಬೋರ್ನ್‌ಮತ್, ಕ್ರೈಸ್ಟ್‌ಚರ್ಚ್, ಪೂಲ್ ಮೂರನ್ನೂ ಕೂಡಿಸಿ ಒಂದೇ ಆಡಳಿತಕ್ಕೆ ಒಳಪಡಿಸಿದರು. ಕೌಂಟಿಯ ಜನರಲ್ಲಿ ಅರ್ಧಕ್ಕೂ ಮಿಕ್ಕವರು ಈ ಒಂದು ಮೂಲೆಯಲ್ಲೇ ಇದ್ದಾರೆ.

ಬೋರ್ನ್‌ಮತ್ತಿಗೆ ಹಗ್ಗವಿಲ್ಲ, ಕಲ್ಲಿಲ್ಲ, ಗುಂಡಿಯಿಲ್ಲ. ಬಂದವರನ್ನು ಉಪಚರಿಸುವುದೇ ಅದರ ಹುಟ್ಟುಕಸುಬು. ಈಗ ತಿರುಗಿ ನೋಡಿದರೆ ಉಳಿದ ಊರುಗಳೂ ಇದೇ ಕಸುಬಿಗೆ ಬಂದು ನಿಂತಿವೆ. ಲೈಮ್ ತನ್ನ ಪಳೆಯುಳಿಕೆಯನ್ನು, ಶಾಫ್ಟ್ಸ್‌ಬರಿ ತನ್ನ ಬೀದಿಯನ್ನು, ಡಾರ್ಚೆಸ್ಟರ್ ತನ್ನ ಹಾರ್ಡಿಯನ್ನು ತೋರಿಸಿ ಜೀವಿಸುತ್ತಿವೆ. ಟಾಲ್ಪಡಲ್ಲಿನ ಕೂಲಿಗಳಿಗೆ ಶಿಕ್ಷೆ ವಿಧಿಸಿದ ಷೈರ್ ಹಾಲ್ ಕೂಡ ಈಗ ಪ್ರದರ್ಶನಾಲಯ. ಇದರಲ್ಲಿ ಹಳಿಯುವಂಥದೇನೂ ಇಲ್ಲ. ಕಸುಬು ಅಳಿದ ಊರು ನೆನಪನ್ನಾದರೂ ಕಸುಬು ಮಾಡಿಕೊಳ್ಳದೆ ಹೇಗೆ ಬಾಳೀತು? ಆದರೆ ನೋಡಲು ಬಂದ ಹಣವಂತರಲ್ಲಿ ಕೆಲವರು ರಜೆಯ ಮನೆಗಳನ್ನು ಕೊಂಡಿಟ್ಟುಕೊಳ್ಳುತ್ತಾರೆ. ಪೂಲಿನ ಸ್ಯಾಂಡ್‌ಬ್ಯಾಂಕ್ಸಿನ ಮನೆಗಳ ಬೆಲೆ ಇಡೀ ದೇಶದಲ್ಲಿ ಮಾತಿಗೆ ವಸ್ತುವಾಗಿದೆ. ಅಲ್ಲಿಯೇ ಹುಟ್ಟಿ ಬೆಳೆದು, ಹೋಟೆಲಿನಲ್ಲೋ ಆಸ್ಪತ್ರೆಯಲ್ಲೋ ದುಡಿಯುವ ತರುಣನಿಗೆ ತನ್ನ ಊರಿನಲ್ಲಿ ಸೂರು ದೊರೆಯುವುದು ಕಷ್ಟವಾಗುತ್ತಿದೆ. ಊರನ್ನು ನೋಡಿಕೊಳ್ಳುವವರು ಊರಿನಲ್ಲಿ ಇರಲಾರದೆ ಹೋದರೆ ನೋಡುವುದಕ್ಕೆ ಉಳಿಯುವುದೇನು? ದುಡಿಮೆಗೆ ತಕ್ಕ ಬಾಳು ಬೇಕೆಂದು 1834ರಲ್ಲಿ ಆರು ಮಂದಿ ಎತ್ತಿದ ಪ್ರಶ್ನೆಯೇ ಬೇರೆ ವೇಷದಲ್ಲಿ ಮರಳಿದೆ ಎನ್ನಬೇಕು.

ಪ್ರತಿ ವರ್ಷ ಜುಲೈ ತಿಂಗಳಲ್ಲಿ ಕಾರ್ಮಿಕ ಸಂಘಗಳವರು ಬಾವುಟಗಳನ್ನು ಹಿಡಿದು ಟಾಲ್ಪಡಲ್ ಹಳ್ಳಿಯಲ್ಲಿ ಸೇರುತ್ತಾರೆ. ಅನಾಥಾಲಯದಲ್ಲಿ ಸತ್ತ ಜೇಮ್ಸ್ ಹ್ಯಾಮೆಟನ ಸಮಾಧಿ ಅಲ್ಲಿಯ ಚರ್ಚಿನಂಗಳದಲ್ಲಿದೆ. ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಕಲ್ಲೊಂದನ್ನು 1934ರಲ್ಲಿ ಅದರ ಮೇಲೆ ನಿಲ್ಲಿಸಿದ್ದಾರೆ. ಬಂದವರು ಅದಕ್ಕೆ ಹೂಮಾಲೆ ಇಡುತ್ತಾರೆ. ಹಾರ್ಡಿಯ ಹೃದಯವನ್ನು ಮಣ್ಣು ಮಾಡಿದ ಸ್ಟಿನ್ಸ್‌ಫರ್ಡ್ ಅಲ್ಲಿಂದ ಬಹು ದೂರವೇನೂ ಅಲ್ಲ. ಡಾರ್ಸೆಟ್ಟನ್ನು ಕಾಣಲು ಹೋಗುವ ಸಾಹಿತ್ಯಪ್ರಿಯರು ಎರಡು ಕಡೆಗೂ ಹೋಗಿಬರುವುದು ಒಳ್ಳೆಯದು.